ಕಡು ಚಳಿಗೆ ಬಟ್ಟೆ ಹಾಕೋದು ಹೇಗೆ? ಮೊದಲು ಆ ಕಾಟನ್ ಬನಿಯನ್ ಬಿಚ್ಚಿಡಿ

ಸೊನ್ನೆ ಡಿಗ್ರಿಗಿಂತ ಕೆಳಗಿರೋ ಜಾಗಕ್ಕೆ ಹೊರಟೋರು ಜಾಕೆಟ್‌ಗೆ ದುಡ್ಡು ಸುರೀತಾರೆ, ಒಳಗೆ ಮಾತ್ರ ದಿನಾ ಹಾಕೋ ಕಾಟನ್ ಬನಿಯನ್ನೇ ಇರುತ್ತೆ. ನಡೆದು ಬೆವೆತ್ರೆ ಅದು ಬೆವರು ಹೀರಿ ಒದ್ದೆಯಾಗೇ ಇರುತ್ತೆ, ಕೂತ ಸ್ವಲ್ಪ ಹೊತ್ತಿಗೇ ಗಡಗಡ ನಡುಗೋಕೆ ಶುರು. ಮೈ ಬೆಚ್ಚಗಿಡೋ ಕೆಲಸ ಬಹುಪಾಲು ಬಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿದು ಕಣ್ರೀ, ಹಕ್ಕಿ ಚಳಿಯಲ್ಲಿ ಪುಕ್ಕ ಉಬ್ಬಿಸಿ ಕೂರೋದೂ ಅದಕ್ಕೇ.

ಒಳಗೆ ಮೈಗಂಟೋ ಉಲ್ಲನ್ ಇಲ್ಲಾ ಪಾಲಿಯೆಸ್ಟರ್ ಥರ್ಮಲ್ ಹಾಕಿ. ನನ್ನ ಓಟು ಉಲ್ಲನ್‌ಗೇ, ಒದ್ದೆಯಾದ್ರೂ ಒಂಚೂರು ಬೆಚ್ಚಗಿರುತ್ತೆ. ಥರ್ಮಲ್ ಅಂತ ಹೆಸರಿಟ್ಟು ಬರೀ ಕಾಟನ್ ಮಾರೋರೂ ಇದಾರೆ, ಒಳಗಿನ ಲೇಬಲ್ ಓದಿ. ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್, ಅಷ್ಟೇ.

ಎಲ್ಲರೂ ಎಡವೋದು ಬಿಚ್ಚೋ ವಿಷಯದಲ್ಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳ್ಕೊಳುತ್ತೆ, ಅಂದ್ರೆ ಬೆವರೇ ನಿಮ್ಮ ಶತ್ರು. ಅದಕ್ಕೇ ಹೊರಡುವಾಗ ಸ್ವಲ್ಪ ಚಳಿ ಅನ್ನಿಸ್ತಿರಲಿ, ನಡೀತಾ ಸರಿಹೋಗುತ್ತೆ. ಕಾಲರ್ ಹಿಂದಿನಿಂದ ಬೆನ್ನಿಗೆ ಬೆರಳಿಟ್ಟು ನೋಡ್ತಾ ಇರಿ, ಬಿಸಿಯಾಗ್ತಿದೆ ಅನ್ಸಿದ ಕೂಡ್ಲೇ ಜಿಪ್ ಇಳಿಸಿ, ಆಮೇಲೆ ಟೋಪಿ, ಅದಕ್ಕೂ ಬಗ್ಗದಿದ್ರೆ ನಿಂತು ಸ್ವೆಟರ್ರೇ ತೆಗೀರಿ, ಸೋಮಾರಿತನ ಬೇಡ. ಬೆರಳಿಗೆ ಪಸೆ ಹತ್ತಿತು ಅಂದ್ರೆ ಲೇಟಾಯ್ತು. ಕೂರೋಕೆ ಮುಂಚೆ, ಮೈ ಇನ್ನೂ ಬಿಸಿ ಇರೋವಾಗ್ಲೇ, ತೆಗೆದಿದ್ದೆಲ್ಲ ವಾಪಸ್ ಹಾಕ್ಕೊಳ್ಳಿ. ಸಿಕ್ಕಿಕೊಂಡ ಗಾಳಿ ಎಷ್ಟು ಮುಖ್ಯ ಅನ್ನೋದಕ್ಕೆ ಕಡಲ ನೀರುನಾಯಿ ನೋಡಿ, ತಿಮಿಂಗಿಲದ ಹಾಗೆ ಕೊಬ್ಬಿನ ಪದರ ಇಲ್ಲ, ತಣ್ಣೀರಲ್ಲೇ ವಾಸ, ದಿನಾ ಗಂಟೆಗಟ್ಟಲೆ ತುಪ್ಪಳ ತಿಕ್ಕಿ ಗಾಳಿ ತುಂಬ್ಕೊಳುತ್ತೆ. ಆ ತುಪ್ಪಳಕ್ಕೆ ಕಡಲಿಗೆ ಸೋರಿದ ತೈಲ ಮೆತ್ತಿದ್ರೆ ಗಾಳಿ ನಿಲ್ಲಲ್ಲ, ಚಳಿಗೇ ಸಾಯುತ್ತೆ.

ಬಿಗಿ ಶೂ ಒಳಗೆ ಎರಡು ಜೊತೆ ಸಾಕ್ಸ್ ತುರುಕಬೇಡಿ, ರಕ್ತ ಓಡಾಡಲ್ಲ. ಚಳಿಗೆ ದೇಹ ಮೊದಲೇ ಕೈಕಾಲಿನ ರಕ್ತನಾಳ ಕುಗ್ಗಿಸಿ ಎದೆ ಹೊಟ್ಟೆ ಕಾಯ್ಕೊಳುತ್ತೆ. ಬಾತುಕೋಳಿ ಮಂಜಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತೆ ನಿಜ, ಅದರ ಕಾಲಿಗಿಳಿಯೋ ಬಿಸಿ ರಕ್ತ ಮೇಲೆ ಬರೋ ತಣ್ಣನೆ ರಕ್ತಕ್ಕೆ ದಾರಿಯಲ್ಲೇ ಶಾಖ ಕೊಟ್ಬಿಡುತ್ತೆ, ನಮಗೆ ಆ ಮಟ್ಟದ ವ್ಯವಸ್ಥೆ ಇಲ್ಲ.

ಇನ್ನು ಎರಡು ಪೆಗ್ ಹಾಕಿದ್ರೆ ಬೆಚ್ಚಗಾಗುತ್ತೆ ಅನ್ನೋ ಶಾರ್ಟ್‌ಕಟ್, ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿ ಹೊರಗೆ ಬಿಡುತ್ತೆ, ಬೇಡವೇ ಬೇಡ.

ಜೊತೆಗಿರೋರು ತೊದಲ್ತಾ ತಡವರಿಸಿದ್ರೆ ಮೈಯೊಳಗಿನ ಶಾಖ 35 ಡಿಗ್ರಿಗಿಂತ ಇಳಿದಿರಬಹುದು. ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು, ನೆಲದ ತಣ್ಣಗೆ ತಾಗದ ಹಾಗೆ ಕೆಳಗೂ ಹಾಸಿ ಒಣ ಕಂಬಳಿ ಸುತ್ತಿ, ಕೈಕಾಲು ಉಜ್ಜಬೇಡಿ. ಮೈ ಬೆಚ್ಚಗಾಗದೆ ನಡುಕ ನಿಂತ್ರೆ ಸುಧಾರಿಸ್ತು ಅಂದ್ಕೋಬೇಡಿ, ಅಲುಗಾಡಿಸದೆ ಮಲಗಿಸಿ ಆಂಬ್ಯುಲೆನ್ಸ್ ಕರೀರಿ.