ಡ್ಯೂಟಿ ವೇಳೆಯನ್ನು ಮುಟ್ಟದೆ ಯೂನಿಯನ್ ಚುನಾವಣೆಯ ಪ್ರಚಾರ ಮಾಡುವುದು ಹೇಗೆ?

ಕಾರ್ಖಾನೆಯ ಯೂನಿಯನ್‌ನಲ್ಲಿ ಚುನಾವಣೆ ಘೋಷಣೆಯಾದ ಮೇಲೆ ಅಭ್ಯರ್ಥಿಗಳ ಕೈಗೆ ಸಾಮಾನ್ಯವಾಗಿ ಸಿಗುವುದು ಎರಡು-ಮೂರು ವಾರ ಮಾತ್ರ. ಮತದಾರರು ಮೂರು ಶಿಫ್ಟ್‌ಗಳಲ್ಲಿ, ಹತ್ತಾರು ವಿಭಾಗಗಳಲ್ಲಿ ಹಂಚಿಹೋಗಿರುತ್ತಾರೆ. ಅವರೆಲ್ಲ ಒಂದೇ ಕಡೆ ಸಿಗುವ ಜಾಗವೆಂದರೆ ಕೆಲಸದ ಜಾಗ. ಆದ್ದರಿಂದಲೇ ‘ಎರಡೇ ಮಾತು’ ಎಂದುಕೊಂಡು ತನ್ನ ಮೆಷಿನ್ ಬಿಟ್ಟು ಪಕ್ಕದ ಲೈನಿಗೆ ಹೋಗುವ ಆಸೆ ಪ್ರತಿ ಅಭ್ಯರ್ಥಿಗೂ ಹುಟ್ಟುತ್ತದೆ. ಎರಡು ಅವಧಿಗೆ ಚುನಾವಣಾಧಿಕಾರಿಯಾಗಿ ಕೂತು, ಈ ಎರಡು ಮಾತುಗಳಿಂದ ಹುಟ್ಟಿದ ಚಾರ್ಜ್‌ಶೀಟ್‌ಗಳನ್ನೂ ತಕರಾರು ಅರ್ಜಿಗಳನ್ನೂ ಓದಿದ ಅನುಭವದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾಮಪತ್ರ ಸಲ್ಲಿಸುವ ಮೊದಲೇ ಮೂರು ಕಾಗದಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು: ಸಂಘದ ಬೈಲಾ, ಕಾರ್ಖಾನೆಯ ಪ್ರಮಾಣೀಕೃತ ಸ್ಥಾಯಿ ಆದೇಶ (ಕೆಲಸದ ಷರತ್ತು ಮತ್ತು ಶಿಸ್ತಿನ ನಿಯಮಗಳು) ಮತ್ತು ಸದ್ಯ ಜಾರಿಯಲ್ಲಿರುವ ವೇತನ ಒಪ್ಪಂದ. ಬೈಲಾದಲ್ಲಿ ಪ್ರಚಾರ ಯಾವಾಗ ಆರಂಭವಾಗಿ ಯಾವಾಗ ಮುಗಿಯಬೇಕೆಂಬುದು ಇರುತ್ತದೆ. ಸ್ಥಾಯಿ ಆದೇಶದ ದುರ್ನಡತೆಯ ಪಟ್ಟಿಯನ್ನು ಮಾತ್ರ ಒಂದೊಂದು ಸಾಲೂ ಬಿಡದೆ ಓದಬೇಕು. ಅನುಮತಿಯಿಲ್ಲದೆ ಆವರಣದೊಳಗೆ ಸಭೆ ನಡೆಸುವುದು, ಕರಪತ್ರ ಹಂಚುವುದು, ಹಣ ಸಂಗ್ರಹಿಸುವುದು, ಕೆಲಸದ ಜಾಗ ಬಿಟ್ಟು ಹೋಗುವುದು ಇವೆಲ್ಲ ಅನೇಕ ಕಾರ್ಖಾನೆಗಳ ಪಟ್ಟಿಯಲ್ಲಿ ಬೇರೆ ಬೇರೆ ಅಂಶಗಳಾಗಿ ನಮೂದಾಗಿರುತ್ತವೆ. ಒಪ್ಪಂದದಲ್ಲಿ ನೋಡಬೇಕಾದದ್ದು ಒಂದೇ: ಪದಾಧಿಕಾರಿಗಳಿಗೆ ಸಂಘದ ಕೆಲಸಕ್ಕಾಗಿ ಎಷ್ಟು ಗಂಟೆ ಡ್ಯೂಟಿ ರಿಲೀಫ್ (ಸಂಬಳ ಕಡಿತವಿಲ್ಲದೆ ಕೆಲಸದಿಂದ ಬಿಡುವು) ಕೊಡಲಾಗಿದೆ ಮತ್ತು ಯಾವ ಕೆಲಸಕ್ಕೆ ಎಂಬುದು.

ಊಟದ ವಿರಾಮ ನಮ್ಮದೇ ಸಮಯ, ಆಗ ಎಲ್ಲಿ ಬೇಕಾದರೂ ಭಾಷಣ ಮಾಡಬಹುದು ಎಂಬ ತಿಳಿವಳಿಕೆ ಅರ್ಧ ಮಾತ್ರ ಸರಿ. ಸಮಯ ನಮ್ಮದಾದರೂ ಜಾಗ ನಮ್ಮದಲ್ಲ. ರೈಲ್ವೆ ಮಂಡಳಿ ಮತ್ತು ನಿರಂಜನ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲೇ, ಸಂಘ ಕಟ್ಟುವ ಮತ್ತು ಮಾತನಾಡುವ ಸ್ವಾತಂತ್ರ್ಯವಿದೆಯೆಂದ ಮಾತ್ರಕ್ಕೆ ಮಾಲೀಕರ ಆವರಣದಲ್ಲಿ ಸಭೆ ನಡೆಸುವ ಹಕ್ಕು ಬರುವುದಿಲ್ಲ ಎಂದು ಹೇಳಿದೆ. ಹಾಗಾಗಿ ಕ್ಯಾಂಟೀನ್ ಟೇಬಲ್‌ನಲ್ಲಿ ಊಟ ಮಾಡುತ್ತಾ ಮತ ಕೇಳುವುದಕ್ಕೂ, ಅದೇ ಕ್ಯಾಂಟೀನಿನ ಬೆಂಚು ಹತ್ತಿ ಭಾಷಣ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದಕ್ಕೆ ಲಿಖಿತ ಅನುಮತಿ ಬೇಕು, ಮತ್ತು ಆ ಅನುಮತಿಯನ್ನು ಅಭ್ಯರ್ಥಿ ತಾನೇ ಕೇಳುವುದಕ್ಕಿಂತ ಚುನಾವಣಾಧಿಕಾರಿಯ ಮೂಲಕ ಎಲ್ಲ ತಂಡಗಳ ಪರವಾಗಿ ಕೇಳುವುದು ಲೇಸು.

ಮುಂದಿನ ಹೆಜ್ಜೆ, ಗಡಿಯಾರ ಮುಂದಿಟ್ಟುಕೊಂಡು ಮತದಾರರ ಪಟ್ಟಿಯನ್ನು ಭಾಗ ಮಾಡುವುದು. ಬೆಳಿಗ್ಗೆ 6ಕ್ಕೆ ಎ, ಮಧ್ಯಾಹ್ನ 2ಕ್ಕೆ ಬಿ, ರಾತ್ರಿ 10ಕ್ಕೆ ಸಿ ಎಂಬ ಮೂರು ಶಿಫ್ಟ್‌ಗಳಿರುವ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಒಂದೂವರೆಗೆ ಬಿ ಶಿಫ್ಟ್‌ನ ಬಸ್ಸುಗಳು ಗೇಟಿನ ಹೊರಗೆ ಬಂದು ನಿಲ್ಲುತ್ತವೆ. ಇಳಿದವರು ಪಂಚಿಂಗ್‌ಗೆ ಹೋಗುವ ಮುನ್ನ ಗೂಡಂಗಡಿಯಲ್ಲಿ ಅರ್ಧ ಟೀ ಕುಡಿಯುತ್ತಾರೆ. ಎರಡು ಗಂಟೆ ದಾಟಿದ ಮೇಲೆ ಎ ಶಿಫ್ಟ್‌ನವರು ಟಿಫಿನ್ ಚೀಲ ಹೆಗಲಿಗೇರಿಸಿಕೊಂಡು, ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿಯುವ ಆತುರದಲ್ಲಿ ಹೊರಬರುತ್ತಾರೆ. ಒಳಗೆ ಹೋಗುವವನಿಗೆ ಕೇಳುವ ವ್ಯವಧಾನವಿದೆ, ಹೊರಗೆ ಬರುವವನಿಗೆ ಇಲ್ಲ. ಆದ್ದರಿಂದ ಬರುವವರ ಜೊತೆ ಮಾತು, ಹೋಗುವವರ ಕೈಗೆ ಕರಪತ್ರ ಎಂದು ಕೆಲಸ ಹಂಚಿಕೊಂಡರೆ ಗೇಟಿನ ಹೊರಗಿನ ಆ ನಲವತ್ತು ನಿಮಿಷ ಸಾರ್ಥಕವಾಗುತ್ತದೆ. ಎ ಶಿಫ್ಟ್‌ನ ಅಭ್ಯರ್ಥಿ ಬಿ ಶಿಫ್ಟ್ ಬರುವ ಹೊತ್ತಿಗೆ ಇನ್ನೂ ಡ್ಯೂಟಿಯಲ್ಲೇ ಇರುತ್ತಾನೆಂಬುದನ್ನು ಮರೆಯಬಾರದು. ಆ ಹೊತ್ತಿಗೆ ಗೇಟಿನಲ್ಲಿ ನಿಲ್ಲಬೇಕಾದವರು ಆ ದಿನ ವಾರದ ರಜೆಯಲ್ಲಿರುವ ಅಥವಾ ಸಿ ಶಿಫ್ಟ್‌ನಲ್ಲಿರುವ ಬೆಂಬಲಿಗರು.

ಕೆಲಸದ ನಡುವೆ ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಟೂಲ್ ಕೇಳಲು ಬಂದ ಸಹೋದ್ಯೋಗಿ ‘ಈ ಸಲ ನಿಂತಿದ್ದೀಯಂತೆ’ ಎಂದಾಗ ಹೌದೆಂದು ಉತ್ತರಿಸುವುದು ಪ್ರಚಾರವಾಗುವುದಿಲ್ಲ. ಕೈ ಕೆಲಸ ಮಾಡುತ್ತಿದೆಯೇ, ನಿಂತಿದೆಯೇ ಎಂಬುದೇ ಇಲ್ಲಿ ಅಳತೆಗೋಲು. ನನ್ನ ಮುಂದೆ ಬಂದ ಒಂದು ಪ್ರಕರಣದಲ್ಲಿ ಅಭ್ಯರ್ಥಿಯೊಬ್ಬ ಲೇತ್ ವಿಭಾಗಕ್ಕೆ ಹೋಗಿ ಹನ್ನೆರಡು ನಿಮಿಷ ಮಾತನಾಡಿದ್ದ. ಸೂಪರ್‌ವೈಸರ್ ನೋಡಿರಲಿಲ್ಲ, ಯಾರೂ ದೂರು ಕೊಟ್ಟಿರಲಿಲ್ಲ. ಆದರೆ ನಿಂತ ಮೆಷಿನ್ ಕಂಪ್ಯೂಟರಿನಲ್ಲಿ ತಾನೇ ಡೌನ್‌ಟೈಮ್ ಬರೆದುಕೊಂಡಿತ್ತು, ಕಾರಣದ ಜಾಗ ಖಾಲಿಯಿತ್ತು. ಆ ಖಾಲಿ ಜಾಗವನ್ನು ತುಂಬಿಸಲು ಹೊರಟ ಅಧಿಕಾರಿಗೆ ಸಿಕ್ಕಿದ್ದು ಅಭ್ಯರ್ಥಿಯ ಹೆಸರು. ಸಿಕ್ಕಿಬಿದ್ದವನು ಅವನೊಬ್ಬನೇ ಅಲ್ಲ, ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡ ಮತದಾರನಿಗೂ ಮೆಮೊ ಬಂತು.

ಗುಂಪಾಗಿ ಹೋದರಂತೂ ನಷ್ಟ ಇನ್ನೂ ದೊಡ್ಡದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಾಗಿ, ಸೂಚನೆ ಕೊಡದೆ, ಸಕಾರಣವಿಲ್ಲದೆ ಕೆಲಸಕ್ಕೆ ಗೈರಾದರೆ ಎಂಟು ದಿನಗಳವರೆಗಿನ ವೇತನವನ್ನು ಕಡಿತ ಮಾಡಲು ವೇತನ ಪಾವತಿ ಕಾಯ್ದೆ, 1936 ಅವಕಾಶ ಕೊಟ್ಟಿತ್ತು. ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆ, 2019ರಲ್ಲೂ ಈ ಅವಕಾಶ ಉಳಿದುಕೊಂಡಿದೆ. ರಜೆ ಹಾಕಿ ಪ್ರಚಾರ ಮಾಡುವವರು ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ ಶೇ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಕ್ಯಾಶುವಲ್ ರಜೆ ಹಾಕಿದರೆ ಅದೂ ಮುಷ್ಕರವೇ, ಮತ್ತು 14 ದಿನಗಳ ಮುನ್ಸೂಚನೆಯಿಲ್ಲದ ಮುಷ್ಕರ ಕಾನೂನುಬಾಹಿರ. ಅಭ್ಯರ್ಥಿಯೂ ನಾಲ್ಕೈದು ಬೆಂಬಲಿಗರೂ ಸರದಿಯ ಮೇಲೆ ರಜೆ ಹಾಕಿದರೆ ಸಾಕು. ಸಮಾವೇಶವನ್ನು ವಾರದ ರಜೆಯ ದಿನವೇ ಇಟ್ಟುಕೊಳ್ಳಬೇಕು.

ಇಷ್ಟೆಲ್ಲ ಆಡಳಿತದ ಭಯದ ಮಾತಾಯಿತು. ಆದರೆ ಡ್ಯೂಟಿ ವೇಳೆಯ ಪ್ರಚಾರದಿಂದ ನಿಜವಾಗಿ ಪೆಟ್ಟು ತಿನ್ನುವವನು ಎದುರಾಳಿ ಅಭ್ಯರ್ಥಿ ಎಂಬುದು ನನ್ನ ಅಭಿಪ್ರಾಯ. ಹಾಲಿ ಪದಾಧಿಕಾರಿಗೆ ರಿಲೀಫ್ ಇರುತ್ತದೆ, ಯಾವ ವಿಭಾಗಕ್ಕೆ ಹೋದರೂ ಕೇಳುವವರಿಲ್ಲ. ಹೊಸದಾಗಿ ಸ್ಪರ್ಧಿಸಿದವನು ಎಂಟು ಗಂಟೆ ಪ್ರೆಸ್ ಮುಂದೆ ನಿಂತಿರುತ್ತಾನೆ. ಒಬ್ಬನ ಪ್ರಚಾರಕ್ಕೆ ಕಂಪನಿಯೇ ಸಂಬಳ ಕೊಟ್ಟಂತಾಯಿತು. ಅಮೆರಿಕದಲ್ಲಿ 1959ರ ಕಾರ್ಮಿಕ ಸಂಘಗಳ ಕಾಯ್ದೆಯು ಸಂಘದ ಹಣವನ್ನಾಗಲಿ ಯಾವುದೇ ಮಾಲೀಕರ ಹಣವನ್ನಾಗಲಿ ಅಭ್ಯರ್ಥಿಯ ಪ್ರಚಾರಕ್ಕೆ ಬಳಸಬಾರದೆಂದು ಹೇಳುತ್ತದೆ; ಸಂಬಳ ನಡೆಯುತ್ತಿರುವ ಸಮಯವೂ ಹಣವೇ ಎಂದು ಅಲ್ಲಿನ ಕಾರ್ಮಿಕ ಇಲಾಖೆ ಅದನ್ನು ಓದುತ್ತದೆ, ಮತ್ತು ಅದು ಫಲಿತಾಂಶದ ಮೇಲೆ ಪರಿಣಾಮ ಬೀರಿರಬಹುದೆಂದು ಸಿದ್ಧವಾದರೆ ನ್ಯಾಯಾಲಯ ಮರುಚುನಾವಣೆಗೆ ಆದೇಶಿಸುತ್ತದೆ. ಸಂಘದ ಕೆಲಸದ ನಡುವೆ ಸಹಜವಾಗಿ ಬಂದುಹೋಗುವ ಮಾತಿಗೆ ಮಾತ್ರ ಅಲ್ಲಿ ವಿನಾಯಿತಿ. ನಮ್ಮಲ್ಲಿ ಇಷ್ಟು ಬಿಡಿಸಿ ಹೇಳುವ ವಿಧಿಯಿಲ್ಲದ್ದರಿಂದ ಆ ಕೆಲಸವನ್ನು ಬೈಲಾ ಅಥವಾ ಚುನಾವಣಾ ನೀತಿಸಂಹಿತೆಯೇ ಮಾಡಬೇಕು. ನಾಮಪತ್ರ ಹಿಂಪಡೆಯುವ ದಿನದಿಂದ ಮತದಾನದವರೆಗೆ ಸ್ಪರ್ಧೆಯಲ್ಲಿರುವ ಪದಾಧಿಕಾರಿಗಳು ರಿಲೀಫ್ ತೆಗೆದುಕೊಳ್ಳಬಾರದು, ತುರ್ತು ಕೆಲಸವಿದ್ದರೆ ಎಲ್ಲಿಗೆ, ಎಷ್ಟು ಹೊತ್ತಿಗೆ, ಏಕೆ ಎಂದು ರಿಜಿಸ್ಟರಿನಲ್ಲಿ ಬರೆದು ಹೋಗಬೇಕು ಎಂಬ ಒಂದು ಸಾಲನ್ನು ನಾನು ಚುನಾವಣಾಧಿಕಾರಿಯಾಗಿದ್ದಾಗ ಎರಡೂ ತಂಡಗಳಿಂದ ಸಹಿ ಮಾಡಿಸಿಕೊಂಡಿದ್ದೆ. ಮೊದಲ ಸಲ ಗಲಾಟೆಯಾಯಿತು. ಎರಡನೆಯ ಸಲ ಅದನ್ನು ವಿರೋಧಿಸಿದ್ದವರೇ ಪ್ರತಿ ತಂದು ಕೊಟ್ಟರು, ಏಕೆಂದರೆ ಅಷ್ಟರಲ್ಲಿ ಅವರು ಸೋತಿದ್ದರು.

ಆಡಳಿತ ಒಂದು ತಂಡಕ್ಕೆ ಲೈನಿನೊಳಗೆ ತಿರುಗಾಡಲು ಬಿಟ್ಟು ಇನ್ನೊಂದು ತಂಡಕ್ಕೆ ಮೆಮೊ ಕೊಟ್ಟರೆ ಏನು ಮಾಡಬೇಕು? ‘ಅವರು ಮಾಡಿದರು, ನಾವೂ ಮಾಡುತ್ತೇವೆ’ ಎಂದು ಇಳಿಯುವುದು ಅತ್ಯಂತ ಕೆಟ್ಟ ಉತ್ತರ. ದಿನಾಂಕ, ಗಂಟೆ, ವಿಭಾಗ ಬರೆದು, ಕಣ್ಣಾರೆ ಕಂಡ ಇಬ್ಬರ ಸಹಿ ಹಾಕಿಸಿ ಅದೇ ದಿನ ಚುನಾವಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಸಂಘದ ವ್ಯವಹಾರದಲ್ಲಿ ಮಾಲೀಕರು ಕೈಹಾಕುವುದು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿದೆ, ಆದರೆ ಅದನ್ನು ಸಾಬೀತುಪಡಿಸುವುದು ಕಾಗದದಿಂದ.

ಮೊಬೈಲ್ ವಿಷಯ ಚಿಕ್ಕದು. ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಗಂಟೆ ನಿಮಿಷ ಅಚ್ಚಾಗಿರುತ್ತದೆ. ನೀವು ಡ್ಯೂಟಿಯಲ್ಲಿದ್ದಾಗ ಪ್ರಚಾರದ ಗುಂಪನ್ನು ರಜೆಯಲ್ಲಿರುವವರು ನೋಡಿಕೊಳ್ಳಲಿ.

ಶೋಕಾಸ್ ನೋಟಿಸ್ ಬಂದೇಬಿಟ್ಟರೆ, ಗೆದ್ದ ಮೇಲೆ ನೋಡಿಕೊಳ್ಳೋಣ ಎಂದು ಜೇಬಿಗೆ ಹಾಕಿಕೊಳ್ಳಬಾರದು. ಕೈಗಾರಿಕಾ ವಿವಾದದ ವಿಚಾರಣೆ ಬಾಕಿ ಇರುವಾಗ ಸೇವಾ ಷರತ್ತು ಬದಲಾವಣೆ ಮತ್ತು ವಜಾದಿಂದ ವಿಶೇಷ ರಕ್ಷಣೆ ಪಡೆಯುವ ‘ಸಂರಕ್ಷಿತ ಕಾರ್ಮಿಕ’ರು ಒಟ್ಟು ಕಾರ್ಮಿಕರ ಶೇ 1ರಷ್ಟು ಮಾತ್ರ, ಕನಿಷ್ಠ 5, ಗರಿಷ್ಠ 100, ಅದೂ ಪದಾಧಿಕಾರಿಗಳಿಗೆ, ಮಾನ್ಯ ಮಾಡಲಾದ ಹೆಸರುಗಳಿಗೆ. ಬರೀ ಅಭ್ಯರ್ಥಿಗೆ ಆ ಕವಚವಿಲ್ಲ. ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ, ಆ ಹೊತ್ತಿನಲ್ಲಿ ಎಲ್ಲಿದ್ದೆ, ಏಕಿದ್ದೆ ಎಂಬುದನ್ನಷ್ಟೇ ಬರೆದು ಉತ್ತರಿಸಬೇಕು. ಚುನಾವಣೆಯ ರಾಜಕೀಯವನ್ನು ಅದರಲ್ಲಿ ತುರುಕಬಾರದು. ಅಮಾನತಾದರೆ ಮೊದಲ 90 ದಿನ ವೇತನದ ಶೇ 50, ವಿಚಾರಣೆ ತಡವಾಗಿದ್ದು ಕಾರ್ಮಿಕನಿಂದಲ್ಲವಾದರೆ ಅನಂತರ ಶೇ 75 ಜೀವನಾಧಾರ ಭತ್ಯೆ ಸಿಗುತ್ತದೆ.

ಮತದಾನದ ದಿನಕ್ಕೆ ಮಾತ್ರ ಡ್ಯೂಟಿ ವೇಳೆಯನ್ನು ಬಳಸಲು ದಾರಿ ಮಾಡಿಕೊಳ್ಳಬಹುದು, ಏಕೆಂದರೆ ಮತ ಹಾಕುವುದು ಪ್ರಚಾರವಲ್ಲ. ಮತಗಟ್ಟೆ ಕಾರ್ಖಾನೆಯೊಳಗಿದ್ದರೆ ಯಾವ ವಿಭಾಗವನ್ನು ಎಷ್ಟು ಗಂಟೆಗೆ, ಎಷ್ಟು ನಿಮಿಷಕ್ಕೆ ಬಿಡುತ್ತಾರೆಂಬುದನ್ನು ಚುನಾವಣಾಧಿಕಾರಿ ಆಡಳಿತದಿಂದ ಬರಹದಲ್ಲಿ ಪಡೆದು ನೋಟಿಸ್ ಬೋರ್ಡಿಗೆ ಹಾಕಬೇಕು; ಸಿ ಶಿಫ್ಟ್‌ನವರಿಗಾಗಿ ಬೆಳಿಗ್ಗೆ 6ಕ್ಕೆ ಮೊದಲೇ ಗಟ್ಟೆ ತೆರೆದಿರಬೇಕು. ಸಾಲಿನಲ್ಲಿ ನಿಂತವರ ಕಿವಿಯಲ್ಲಿ ಕ್ರಮಸಂಖ್ಯೆ ಪಿಸುಗುಟ್ಟುವುದು ಅಲ್ಲಿಯೂ ನಿಷಿದ್ಧ. ಫಲಿತಾಂಶದ ಬಗ್ಗೆ ತಕರಾರು ಉಳಿದರೆ ಹಿಂದಿನಂತೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಪದಾಧಿಕಾರಿಗಳ ಚುನಾವಣೆಯ ವ್ಯಾಜ್ಯವನ್ನು ಕೈಗಾರಿಕಾ ಸಂಬಂಧಗಳ ಸಂಹಿತೆ ಕೈಗಾರಿಕಾ ನ್ಯಾಯಮಂಡಳಿಗೆ ವಹಿಸಿದೆ. ಅಲ್ಲಿಗೆ ಹೋಗುವಾಗ ಮೊದಲು ಕೇಳುವುದು ರಿಲೀಫ್ ರಿಜಿಸ್ಟರನ್ನೂ ಸ್ವೀಕೃತಿ ಮುದ್ರೆ ಬಿದ್ದ ಆ ದೂರಿನ ಪ್ರತಿಯನ್ನೂ. ಆದ್ದರಿಂದ ಎಣಿಕೆ ಮುಗಿದ ರಾತ್ರಿಯೇ ಮತಪೆಟ್ಟಿಗೆಯ ಜೊತೆಗೆ ಅವನ್ನೂ ಸೀಲ್ ಮಾಡಿಸಿ ಇಡಿ.