ವಾರದ ಸಭೆಗೆ ಯಾರನ್ನು ಕರೆಯಬೇಕು? ಕ್ಲಬ್ಬಿನ ಕಾರ್ಯಕ್ರಮ ಹೊಣೆ ಹೊತ್ತ ನನ್ನ ಅನುಭವ

ಗದಗಿನಲ್ಲಿ ಕೂತು ಮಾತು ಕೇಳುವ ರೂಢಿ ಹೊಸದಲ್ಲ. ತೋಂಟದಾರ್ಯ ಮಠದಲ್ಲಿ ಸೋಮವಾರ ಬಂತೆಂದರೆ ಶಿವಾನುಭವ ಇದ್ದೇ ಇರುತ್ತದೆ. ಧಾರವಾಡಕ್ಕೆ ಹೋದರೆ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸಗಳಿಗೆ ಬರವಿಲ್ಲ. ಇಂಥ ನೆಲದಲ್ಲಿ ನಮ್ಮ ರೋಟರಿ ಕ್ಲಬ್ಬಿನ ವಾರದ ಸಭೆಗೆ ಸದಸ್ಯರು ಊಟದ ಹೊತ್ತಿಗೆ ಮಾತ್ರ ಬರುತ್ತಾರೆ ಅಂದರೆ ಕೊರತೆ ಇರುವುದು ಸಭೆಯಲ್ಲೇ ಎಂದು ನನಗೆ ಬಲವಾಗಿ ಅನಿಸಿತ್ತು. ಕಾರ್ಯಕ್ರಮ ಸಮಿತಿಯ ಹೊಣೆ ಕೈಗೆ ಬಂದಾಗ ಮೊದಲು ಹಳೆಯ ವರದಿ ಪುಸ್ತಕ ತೆಗೆದು ನೋಡಿದೆ. ವೈದ್ಯರು, ಆಡಿಟರು, ಪ್ರಾಧ್ಯಾಪಕರು, ವಿಮೆಯವರು, ಮತ್ತೆ ವೈದ್ಯರು. ಎಲ್ಲರೂ ದೊಡ್ಡವರೇ. ಆದರೆ ನಮ್ಮ ಸದಸ್ಯರಲ್ಲೂ ಹೆಚ್ಚಿನವರು ಅದೇ ಬಳಗದವರು. ಗೊತ್ತಿದ್ದವರು ಗೊತ್ತಿದ್ದದ್ದನ್ನು ಗೊತ್ತಿದ್ದವರಿಗೇ ಹೇಳುತ್ತಿದ್ದರು.

ರೋಟರಿ ಶುರುವಾದದ್ದು ಹೀಗಲ್ಲ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಜೊತೆ ಕೂತ ಮೂವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಒಂದೊಂದು ವೃತ್ತಿಯವರು ಒಬ್ಬೊಬ್ಬರು. ಸಭೆ ಒಂದು ವಾರ ಇವರ ಆಫೀಸಿನಲ್ಲಿ, ಇನ್ನೊಂದು ವಾರ ಅವರಲ್ಲಿ ಸುತ್ತುತ್ತಿದ್ದುದರಿಂದಲೇ ಆ ಹೆಸರು. ಅದೇ 1905ರಲ್ಲಿ ನಮ್ಮ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ದೂರದ ಆ ನಗರದ ಕಥೆಯನ್ನು ಪ್ರತಿ ಫೆಬ್ರವರಿಯಲ್ಲಿ ತಪ್ಪದೆ ಹೇಳುವ ನಾವು ಊರ ಪಕ್ಕದ ಈ ಕಥೆ ಹೇಳದಿದ್ದರೆ ಹೇಗೆ? ಅದಕ್ಕೇ ರೋಟರಿ ಹುಟ್ಟಿದ ವಾರದ ಸಭೆಗೆ ಹಳ್ಳಿಯ ಸಹಕಾರ ಸಂಘದಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದ ಹಿರಿಯರೊಬ್ಬರನ್ನು ಕರೆದೆ. ಸಾಲ ತೀರಿಸಲಾಗದ ರೈತ ಸಂಘದ ಮೆಟ್ಟಿಲು ಹತ್ತುವಾಗ ಅವನ ಮುಖ ಹೇಗಿರುತ್ತದೆ ಎಂದು ಅವರು ಹೇಳುತ್ತಿದ್ದರೆ ಬ್ಯಾಂಕಿನಲ್ಲಿರುವ ನಮ್ಮ ಸದಸ್ಯರು ಮೊಬೈಲು ಕೆಳಗಿಟ್ಟು ಕೇಳಿದರು.

ಇಂಥವರನ್ನು ಫೋನಿನಲ್ಲಿ ಕರೆದರೆ ಬರುವುದಿಲ್ಲ. ಅವರು ಕೆಲಸ ಮಾಡುವ ಜಾಗಕ್ಕೇ ಹೋಗಬೇಕು, ಚಹಾ ಕುಡಿಯಬೇಕು, ಕೆಲಸ ನೋಡಬೇಕು. ನಮ್ಮ ಓಣಿಗೆ ನೀರು ಬಿಡುವವರನ್ನು ಕರೆಯಲು ಹೋದಾಗ ಅವರು ವಾಲ್ವಿನ ಗುಂಡಿಯ ಹತ್ತಿರ ನಿಂತಿದ್ದರು.

"ನನ್ನೇನ್ ಕರೀತೀರಿ ಸರ, ಅಷ್ಟ ಮಂದಿ ಮುಂದ ನಂಗ ಮಾತಾಡಾಕ ಬರಂಗಿಲ್ರೀ" ಅಂದರು.

"ಭಾಷಣ ಬ್ಯಾಡ್ರಿ ಅಣ್ಣಾರ. ಮುಂಜಾನೆ ಎದ್ದು ಯಾವ ವಾಲ್ವ್ ಮೊದಲ ತಿರುಗಿಸ್ತೀರಿ, ಆಮ್ಯಾಲೆ ಯಾವುದು, ಅಷ್ಟ ಹೇಳ್ರಿ. ಉಳಿದದ್ದು ನಾ ಕೇಳ್ತೇನಿ."

ಈ ಒಂದು ಮಾತು ನನಗೆ ಬಹಳ ಕಡೆ ಕೆಲಸಕ್ಕೆ ಬಂತು. ವಿಷಯ ಕೊಡಿ ಎಂದರೆ ಜನ ಹಿಂಜರಿಯುತ್ತಾರೆ. ದಿನದ ಕೆಲಸ ಹೇಳಿ ಎಂದರೆ ಹಿಂಜರಿಯುವುದಿಲ್ಲ. ವೇದಿಕೆಯಲ್ಲಿ ನಾನೂ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವರು ಸೀಮೆಸುಣ್ಣ ಹಿಡಿದು ತುಂಗಭದ್ರೆಯಿಂದ ಬಂದ ನೀರು ಟಾಕಿಗೆ ಏರಿ ಯಾವ ಓಣಿಗೆ ಯಾವ ಸರದಿಯಲ್ಲಿ ಇಳಿಯುತ್ತದೆ ಎಂದು ಗೆರೆ ಎಳೆದರು. ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆದರೆ ಪೈಪಿನ ಕೊನೆಗಿರುವ ಮನೆಗಳಿಗೆ ಒತ್ತಡ ಉಳಿಯುವುದಿಲ್ಲ ಎಂದು ತೋರಿಸಿದಾಗ ಸಭೆಯಲ್ಲಿ ಸದ್ದಿಲ್ಲ. ನೀರಿಗಾಗಿ ದಿನ ಎಣಿಸುವ ಗದಗ-ಬೆಟಗೇರಿಯಲ್ಲಿ ಇದಕ್ಕಿಂತ ದೊಡ್ಡ ಉಪನ್ಯಾಸ ಇನ್ನೇನಿದೆ? ಆ ರಾತ್ರಿ ಇಬ್ಬರು ಸದಸ್ಯರು ತಮ್ಮ ಮನೆಯ ಮೋಟಾರು ತೆಗೆಸುವುದಾಗಿ ಹೇಳಿದರು, ತೆಗೆಸಿದರು ಕೂಡ.

ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಆಶಾ ಕಾರ್ಯಕರ್ತೆಯೊಬ್ಬರ ಮಾತು. ಅಕ್ಟೋಬರ್ 24 ವಿಶ್ವ ಪೋಲಿಯೊ ದಿನ, ಆ ವಾರದ ಸಭೆಗೆ ಅವರನ್ನು ಕರೆದಿದ್ದೆ. ರೋಟರಿ 1985ರಲ್ಲಿ ಪೋಲಿಯೊ ತೊಲಗಿಸುವ ಪೋಲಿಯೊಪ್ಲಸ್ ಯೋಜನೆ ಹಮ್ಮಿಕೊಂಡಿತು, ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ನಮ್ಮ ದೇಶಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಇದೆಲ್ಲ ನಮ್ಮ ಸದಸ್ಯರಿಗೆ ಬಾಯಿಪಾಠ. ಆದರೆ ಹನಿ ಹಾಕುವ ಕೈ ಯಾರದು, ಆ ಕೈಗೆ ಏನು ಕಷ್ಟ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಆ ಅಕ್ಕ ಬರುವಾಗ ಲಸಿಕೆಯ ಖಾಲಿ ಪೆಟ್ಟಿಗೆ ತಂದಿದ್ದರು. ಒಳಗೆ ಐಸ್ ಪ್ಯಾಕ್ ಹೇಗೆ ಜೋಡಿಸುತ್ತಾರೆ ಎಂದು ತೋರಿಸಿದರು. ಆಮೇಲೆ ಬೋರ್ಡಿನ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಬರೆದರು. ಲಸಿಕೆಯ ಸೀಸೆಯ ಮೇಲೆ ಈ ಗುರುತು ಇರುತ್ತದಂತೆ. ಒಳಗಿನ ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಹನಿ ಹಾಕಬಹುದು. ಬಿಸಿ ತಾಕಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಸೀಸೆ ಬಳಸುವಂತಿಲ್ಲ. ಎಷ್ಟೋ ವರ್ಷ ರೋಟರಿಯ ಪೋಲಿಯೊ ನಿಧಿಗೆ ಹಣ ಕೊಟ್ಟವರು ಆ ಪುಟ್ಟ ಚೌಕವನ್ನು ಮೊದಲ ಸಲ ತಿಳಿದುಕೊಂಡರು. ಭಾನುವಾರ ಬೂತ್, ಮುಂದಿನ ದಿನಗಳಲ್ಲಿ ಮನೆ ಮನೆ ಸುತ್ತಾಟ, ಎಡಗೈ ಕಿರುಬೆರಳಿನ ಗುರುತು ನೋಡುವುದು, ಮಕ್ಕಳೆಲ್ಲರಿಗೂ ಹಾಕಿದ್ದರೆ ಬಾಗಿಲಿಗೆ 'ಪಿ', ಯಾರಾದರೂ ಉಳಿದಿದ್ದರೆ 'ಎಕ್ಸ್'. ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಅಂದರು:

"ಮನಿ ಇದ್ರ ಬಾಗಲಕ್ಕ ಬರೀತೇವ್ರಿ. ಇಟ್ಟಂಗಿ ಭಟ್ಟಿಯಾಗ ಇರೋರ ಗುಡಾರಕ್ಕ ಎಲ್ಲಿ ಬರೀಬೇಕ್ರಿ?"

ಅಧ್ಯಕ್ಷರು ಅಲ್ಲೇ ಎದ್ದು ನಿಂತು ನಿಮಗೆ ಏನು ಬೇಕು ಎಂದು ಕೇಳಿದರು. ಭಟ್ಟಿಗಳಿಗೆ, ಕುರಿ ಹಟ್ಟಿಗಳಿಗೆ ಹೋಗಲು ಗಾಡಿ ಬೇಕು, ಅಷ್ಟೇ ಎಂದರು ಆ ಅಕ್ಕ. ಮುಂದಿನ ಪೋಲಿಯೊ ಸುತ್ತಿಗೆ ನಾವು ಬ್ಯಾನರ್ ಮಾಡಿಸಲಿಲ್ಲ, ಆ ಹಣದಲ್ಲಿ ಗಾಡಿ ಇಟ್ಟೆವು. ವಾರದ ಸಭೆಗೆ ಅತಿಥಿ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಈಗಲೂ ಈ ಗಾಡಿಯನ್ನೇ ತೋರಿಸುತ್ತೇನೆ. ಸೇವೆ ಏನು ಮಾಡಬೇಕು ಎಂಬುದನ್ನು ನಾವು ನಾವೇ ಕೂತು ಯೋಚಿಸಿದರೆ ಹೊಳೆಯುವುದು ಹಣ್ಣು ಹಂಚುವುದು, ನೋಟ್‌ಬುಕ್ ಹಂಚುವುದು. ಕೆಲಸ ಬಲ್ಲವರು ಹೇಳಿದಾಗ ಬೇರೆ ದಾರಿ ಕಾಣುತ್ತದೆ.

ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಕಣ್ಣು ಕಾಣದ ಸಂಗೀತ ಶಿಕ್ಷಕರೊಬ್ಬರು ಬಂದಾಗ ಸಭೆಯ ರೀತಿಯೇ ಒಂದಿಷ್ಟು ಬದಲಾಯಿತು. ಪ್ರಶ್ನೆ ಕೇಳಲು ಕೈ ಎತ್ತಿದರೆ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಎದ್ದವರು ಮೊದಲು ಹೆಸರು, ಉದ್ಯೋಗ ಹೇಳಿ ಪ್ರಶ್ನೆ ಕೇಳುವಂತೆ ಮಾಡಿದೆವು. ಚೆನ್ನಾಗಿದೆ ಅನಿಸಿ ಅದನ್ನೇ ಎಲ್ಲ ಸಭೆಗೂ ಉಳಿಸಿಕೊಂಡೆವು. ಮಾಗಡಿ ಕೆರೆಯ ಹತ್ತಿರ ಹೊಲ ಇರುವ ರೈತರೊಬ್ಬರು ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಕ್ಕಿಳಿಯುವ ಸಂಗತಿ ಹೇಳಿದರು. 2024ರಲ್ಲಿ ಆ ಕೆರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸರ್ ತಾಣಗಳ ಪಟ್ಟಿ ಸೇರಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆವು, ಬೆಳೆ ಬೆಳೆಯುವವನ ಕಡೆಯ ಮಾತು ಕೇಳಿರಲಿಲ್ಲ. ಗಜೇಂದ್ರಗಡದಿಂದ ಬಂದ ನೇಕಾರ ದಂಪತಿ ಪಟ್ಟೇದ ಅಂಚಿನ ಸೀರೆ ಹಾಸಿ ತೋರಿಸಿದ ದಿನ ಸಭೆ ಮುಗಿದದ್ದೇ ತಿಳಿಯಲಿಲ್ಲ.

ಇನ್ನು ಹೊತ್ತಿನ ಮಾತು. ಗಂಟೆ ಬಾರಿಸಿ, ರಾಷ್ಟ್ರಗೀತೆ ಆಗಿ, ಪ್ರಕಟಣೆ, ಹುಟ್ಟುಹಬ್ಬದ ಶುಭಾಶಯ, ಸ್ವಾಗತ, ಪರಿಚಯ, ಶಾಲು, ಹಾರ ಎಲ್ಲ ಮುಗಿಯುವಷ್ಟರಲ್ಲಿ ಅತಿಥಿಗೆ ಉಳಿಯುವುದು ಹತ್ತು ನಿಮಿಷ. ಅದು ಕರೆದವರಿಗೆ ಮಾಡುವ ಅಗೌರವ ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಅತಿಥಿಯ ಮಾತನ್ನು ಮೊದಲಿಗಿಟ್ಟೆವು. ಪರಿಚಯಕ್ಕೆ ನಾಲ್ಕು ಸಾಲು, ಮಾತಿಗೆ ಇಪ್ಪತ್ತು ನಿಮಿಷ, ಪ್ರಶ್ನೆಗೆ ಹದಿನೈದು. ಪ್ರಕಟಣೆಗಳು ಕೊನೆಗೆ. ಹಾರದ ಬದಲು ಒಂದು ಪುಸ್ತಕ, ಜೊತೆಗೆ ಹೋಗಿ ಬರುವ ಗಾಡಿ ಖರ್ಚು ಲಕೋಟೆಯಲ್ಲಿ ಹಾಕಿ ಮೊದಲೇ ಕೊಡುವುದು. ದಿನಗೂಲಿ ಬಿಟ್ಟು ಬರುವವರು ಕೇಳುವ ತನಕ ಕಾಯಬಾರದು. ಮಾತೆಲ್ಲ ಕನ್ನಡದಲ್ಲೇ.

ಕೊನೆ ಗಳಿಗೆಯಲ್ಲಿ ಅತಿಥಿ ಬರಲಾಗದೆ ಹೋಗುವುದುಂಟು. ಅದಕ್ಕೆ ನಮ್ಮಲ್ಲೇ ಇಬ್ಬರು ಯಾವಾಗಲೂ ಸಿದ್ಧ ಇರುತ್ತಿದ್ದರು. ಹೊಸ ಸದಸ್ಯರು ತಮ್ಮ ವೃತ್ತಿಯ ಬಗ್ಗೆ ಮಾತಾಡುವ ಪದ್ಧತಿ ರೋಟರಿಯಲ್ಲಿ ಮೊದಲಿನಿಂದಲೂ ಇದೆ. ಮುದ್ರಣಾಲಯ ನಡೆಸುವ ಸದಸ್ಯರೊಬ್ಬರು ಹಾಗೆ ಎದ್ದು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ಆಫ್‌ಸೆಟ್ ತನಕ ಹೇಳಿದ್ದು, ಹೊರಗಿನಿಂದ ಬಂದ ಯಾರ ಮಾತಿಗೂ ಕಡಿಮೆ ಇರಲಿಲ್ಲ.

ವರ್ಷದ ಕೊನೆಗೆ ಸಭೆಯನ್ನು ಹದಿನೈದು ದಿನಕ್ಕೊಮ್ಮೆ ಮಾಡೋಣ ಎಂಬ ಮಾತು ಬಂತು. 2016ರಿಂದ ರೋಟರಿ ನಿಯಮವೇ ತಿಂಗಳಿಗೆ ಎರಡು ಸಭೆ ಸಾಕು ಎನ್ನುತ್ತದೆ. ನಾನು ಒಪ್ಪಲಿಲ್ಲ. ವಾರ ತಪ್ಪಿದರೆ ಒಮ್ಮೆ ಬಾರದವರು ಒಂದು ತಿಂಗಳು ಕಾಣುವುದಿಲ್ಲ, ಕೇಳಿದ್ದೂ ಮರೆಯುತ್ತದೆ. ಚರ್ಚೆ ಜೋರಾಗಿಯೇ ಆಯಿತು. ಕೊನೆಗೆ ವಾರದ ಸಭೆ ಉಳಿಯಿತು, ಒಂದು ತಿದ್ದುಪಡಿಯೊಂದಿಗೆ: ಐದು ಗುರುವಾರ ಬರುವ ತಿಂಗಳಲ್ಲಿ ಕೊನೆಯ ಗುರುವಾರ ಅತಿಥಿ ಇರುವುದಿಲ್ಲ. ಆ ದಿನ ಕಾರ್ಯದರ್ಶಿಗಳು ಹಿಂದೆ ಬಂದುಹೋದವರ ಪಟ್ಟಿ ಓದುತ್ತಾರೆ. ಯಾರಿಗೆ ಏನು ಮಾಡಿಕೊಡುತ್ತೇವೆ ಎಂದಿದ್ದೆವು, ಅದು ಎಲ್ಲಿಗೆ ಬಂತು ಎಂದು ಒಪ್ಪಿಕೊಂಡ ಸದಸ್ಯರು ಎದ್ದು ನಿಂತು ಹೇಳಬೇಕು.