ಬಂಪರ್‌ಗೆ ಬೆಂಕಿ ತೋರಿಸಿ ಬಣ್ಣ ನಿಲ್ಲಿಸಿದ್ದು

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಸಣ್ಣ ಕಾರು ಪೇಂಟಿಂಗ್ ಶೆಡ್ಡು. ಮೂರು ಮಳೆಗಾಲದ ಹಿಂದೆ ನಾನು ಬಣ್ಣ ಹೊಡೆದ ಬಂಪರ್‌ಗಳಲ್ಲಿ ಹನ್ನೊಂದೋ ಹನ್ನೆರಡೋ ವಾಪಸ್ ಬಂದವು. ಎಲ್ಲದಕ್ಕೂ ಒಂದೇ ಕಾಯಿಲೆ. ವಾಟರ್ ಸರ್ವೀಸ್‌ನವರು ಕಲ್ಲೇಟು ಬಿದ್ದ ಜಾಗಕ್ಕೆ ನೀರಿನ ಗನ್ ಹಿಡಿದರೆ ಸಾಕು, ಹಾವು ಪೊರೆ ಬಿಟ್ಟ ಹಾಗೆ ಬಣ್ಣ ಕಳಚುತ್ತಿತ್ತು. ಒಂದು ಬಂಪರ್‌ಗೆ ಆಗ ನಾನು ತೆಗೆದುಕೊಳ್ಳುತ್ತಿದ್ದದ್ದು ಮೂರು ಸಾವಿರದ ಆಸುಪಾಸು. ಮತ್ತೆ ಮಾಡಿಕೊಡಲು ಸಾಮಾನಿಗೇ ಸಾವಿರದ ಇನ್ನೂರು, ಹುಡುಗರ ಕೂಲಿ ಬೇರೆ. ಆ ವರ್ಷ ಇಪ್ಪತ್ತೈದು ಸಾವಿರಕ್ಕೆ ಕಮ್ಮಿ ಹೋಗಿಲ್ಲ. ಸಕಲೇಶಪುರದ ಗಿರಾಕಿಯೊಬ್ಬರು ಆ ಪೊರೆಯನ್ನು ಪೇಪರ್‌ನಲ್ಲಿ ಸುತ್ತಿ ತಂದು ನನ್ನ ಟೇಬಲ್ ಮೇಲಿಟ್ಟರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಮಾತೇ ಆಡಲಿಲ್ಲ.

ಅದನ್ನೇ ಎರಡು ದಿನ ತಿರುಗಿಸಿ ತಿರುಗಿಸಿ ನೋಡಿದೆ. ಒಳಮೈ ಕನ್ನಡಿ ಹಾಗೆ ನುಣುಪು. ಅಡಿಯ ಪ್ರೈಮರ್‌ಗೂ ಅದರ ಮೇಲೆ ಹೊಡೆಯುವ ಬಣ್ಣ ಬೇಸ್‌ಗೂ ಜಗಳವಿಲ್ಲ, ಬೇಸ್‌ಗೂ ಕೊನೆಯ ಹೊಳಪಿನ ಪದರ ಕ್ಲಿಯರ್‌ಗೂ ಇಲ್ಲ. ಮೂರೂ ಒಗ್ಗಟ್ಟಾಗಿ ಪ್ಲಾಸ್ಟಿಕ್ ಬಿಟ್ಟು ಎದ್ದಿವೆ! ಬಣ್ಣದ ಕಂಪನಿ ಬದಲಾಯಿಸಿ ಏನೂ ಪ್ರಯೋಜನವಿಲ್ಲ ಅಂತ ಅವತ್ತು ಗೊತ್ತಾಯಿತು. ಅಷ್ಟರಲ್ಲಿ ಎರಡು ಕಂಪನಿ ಬದಲಾಯಿಸಿ ಆಗಿತ್ತು, ಆ ದುಡ್ಡಿನ ಮಾತು ಬೇಡ.

ಪಿಪಿ ಅಂದರೆ ಬಂಪರ್‌ನ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದಕ್ಕೆ ಬಣ್ಣ ಅಂಟಲಿ ಅಂತ ಮೊದಲು ಹೊಡೆಯುವ ಪಿಪಿ ಪ್ರೈಮರ್ ಹಾಕುತ್ತಿರಲಿಲ್ವಾ ಅಂತ ಕೇಳುತ್ತೀರಿ. ಹಾಕುತ್ತಿದ್ದೆ, ಅದೂ ದಪ್ಪಗೆ. ತಪ್ಪು ಅಲ್ಲೇ ಇತ್ತು. ಅದು ತೆಳ್ಳಗೆ, ಮಂಜು ಕೂತ ಹಾಗೆ ಇರಬೇಕು. ದಪ್ಪ ಆದರೆ ಅದರ ಪದರವೇ ಮೆತ್ತಗಾಗಿ ಕೈಕೊಡುತ್ತದೆ. ಜೊತೆಗೆ ಹೊಸ ಕಪ್ಪು ಬಂಪರ್ ಮೇಲೆ ಅದನ್ನು ಎರಕ ಹೊಯ್ದ ಅಚ್ಚಿನ ಜಿಡ್ಡು ಇರುತ್ತದೆ. ಅದನ್ನು ತೊಳೆಯದೆ ಉಜ್ಜುವ ಪೇಪರ್ ಹಿಡಿದರೆ ಜಿಡ್ಡನ್ನೇ ಗೀರಿನೊಳಗೆ ತಿಕ್ಕಿದ ಹಾಗೆ.

ಇಷ್ಟು ಸರಿಮಾಡಿದ ಮೇಲೂ ಒಂದೆರಡು ಬಂದವು. ಆಮೇಲೆ ತಲೆಗೆ ಬಂದದ್ದು ನೀರು. ಚೆನ್ನಾಗಿ ತೊಳೆದ ಬಂಪರ್ ಮೇಲೆ ನೀರು ಚಿಮುಕಿಸಿ ನೋಡಿ, ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಹನಿಹನಿಯಾಗಿ ಉರುಳಿಹೋಗುತ್ತದೆ. ನೀರೇ ನಿಲ್ಲದ ಮೈಮೇಲೆ ಬಣ್ಣ ಹೇಗೆ ನಿಂತೀತು? ಬೆಂಗಳೂರು ಕಡೆ ಬಂಪರ್ ಲೈನಿನಲ್ಲಿ ಕೆಲಸ ಮಾಡಿ ಬಂದ ಹುಡುಗನೊಬ್ಬ, ಅಲ್ಲಿ ಬಣ್ಣಕ್ಕೆ ಮೊದಲು ರೋಬೋಟ್ ಬೆಂಕಿ ತೋರಿಸುತ್ತೆ ಅಣ್ಣ ಅಂದ. ನನ್ನ ಹತ್ತಿರ ರೋಬೋಟ್ ಎಲ್ಲಿದೆ? ಆರು ನೂರೋ ಏಳು ನೂರೋ ಕೊಟ್ಟು ಗ್ಯಾಸ್ ಕ್ಯಾನಿಗೆ ಸಿಕ್ಕಿಸುವ ಟಾರ್ಚ್ ತಂದೆ.

ನಾನು ಕೆಲಸ ಕಲಿತ ಮೇಸ್ತ್ರಿ ಇದನ್ನು ಕೇಳಿ, "ಸುಡೋಕೆ ಅದೇನು ಬದನೆಕಾಯಿ ಏನೋ?" ಅಂದರು. ಮೊದಲನೇ ಬಂಪರ್ ನೋಡಿದ್ದರೆ ಅವರ ಮಾತೇ ನಿಜ ಅನ್ನಬೇಕಿತ್ತು. ಫಾಗ್ ಲ್ಯಾಂಪಿನ ತೂತಿನ ಅಂಚು ತೆಳು, ಸೊಟ್ಟಗಾಗಿಹೋಯಿತು. ಫೆಂಡರ್ ಪಕ್ಕ ಬೆರಳು ತೂರುವಷ್ಟು ಗ್ಯಾಪ್. ಹೊಸ ಬಂಪರ್ ನನ್ನ ಜೇಬಿನಿಂದಲೇ. ಎರಡನೆಯದರಲ್ಲಿ ಹಳೇ ಬಣ್ಣದ ಮೇಲೂ ಜ್ವಾಲೆ ಓಡಿಸಿ ಹಪ್ಪಳದ ಹಾಗೆ ಗುಳ್ಳೆ ಎಬ್ಬಿಸಿದೆ. ಮೂರನೆಯದಕ್ಕೆ ಹಳದಿ ಜ್ವಾಲೆ, ಮಸಿ ಹಿಡಿಯಿತು.

ಈಗ ಮಾಡುವುದು ಹೀಗೆ. ತೊಳೆದು, ಒರೆಸಿ, ಕ್ಲೀನರ್ ಪೂರ್ತಿ ಆರಿದ ಮೇಲೆ ಶೆಡ್ಡಿನ ಹೊರಗೆ, ಥಿನ್ನರ್ ಡಬ್ಬದಿಂದ ದೂರ. ಹಳೇ ಬಣ್ಣ ಬಿಟ್ಟು ಬರೀ ಪ್ಲಾಸ್ಟಿಕ್ ಕಾಣುವ ಕಡೆ ಮಾತ್ರ. ನೀಲಿ ಜ್ವಾಲೆ, ಅದರ ಒಳಗಿನ ಮೊನೆ ತಾಗದ ಹಾಗೆ. ಕೈ ಎಲ್ಲೂ ನಿಲ್ಲಬಾರದು. ಮೈ ಹೊಳೆಯಲು ಶುರುವಾಯಿತು ಅಂದರೆ ಜಾಸ್ತಿ ಆಯಿತು ಅಂತಲೇ. ಆಮೇಲೆ ಶುದ್ಧ ನೀರು ಚಿಮುಕಿಸುತ್ತೇನೆ. ಹಾಳೆ ಹಾಗೆ ಹರಡಿ ನಿಂತರೆ ಪಾಸು, ಹನಿ ಕಟ್ಟಿದರೆ ಒಣಗಿಸಿ ಇನ್ನೊಂದು ಸಲ. ಬರಿಗೈಲಿ ಮುಟ್ಟುವಂತಿಲ್ಲ, ನಾಳೆಗೆ ಇಡುವಂತಿಲ್ಲ, ಅವತ್ತೇ ಪ್ರೈಮರ್. ಪೇಪರ್ ಹಿಡಿದಾಗ ಪಿಪಿ ಮೇಲೆ ನೂಲು ನೂಲಾಗಿ ಏಳುತ್ತದಲ್ಲ, ಅದೂ ಸುಟ್ಟುಹೋಗುತ್ತದೆ. ಇದು ನಾನು ಎಣಿಸದ ಲಾಭ. ಎಷ್ಟು ಅಡಿಗೆ ಎಷ್ಟು ಸೆಕೆಂಡು, ಯಾವ ಕೋನ ಅನ್ನೋದನ್ನು ಮಾತ್ರ ಬರೆಯಲ್ಲ. ಒಂದು ಬಂಪರ್ ನನ್ನ ಖರ್ಚಿನಲ್ಲಿ ಸುಟ್ಟು ಕಲಿತದ್ದು, ನೀವೂ ಗುಜರಿ ಬಂಪರ್ ಒಂದು ಸುಡಿ.

ಎಬಿಎಸ್ ಅನ್ನುವ ಬೇರೆ ಜಾತಿ ಪ್ಲಾಸ್ಟಿಕ್‌ನ ಮಿರರ್ ಕವರ್‌ಗೆ ಇದೆಲ್ಲ ಬೇಡ. ಅದರ ಕಾಟವೇ ಬೇರೆ. ಖಾರದ ಥಿನ್ನರ್ ಸುರಿದರೆ ಕೂದಲೆಳೆಯಂತೆ ಬಿರುಕು. ಯಾವ ಪ್ಲಾಸ್ಟಿಕ್ ಅಂತ ಒಳಗಡೆ ಅಚ್ಚೊತ್ತಿದ ಅಕ್ಷರ ಓದಿಯೇ ಬಣ್ಣದ ಗನ್ ಹಿಡಿಯಿರಿ.

ಮಧ್ಯೆ ಒಂದು ಹುಚ್ಚಾಟ. ಬಣ್ಣ ಒಣಗಿಸುವ ಬೂತಿನ ಕರೆಂಟ್ ಉಳಿಸೋಣ ಅಂತ ಜನವರಿಯಲ್ಲಿ ಭಾವನ ತೋಟಕ್ಕೆ ಎರಡು ಬಂಪರ್ ಒಯ್ದೆ. ಕಾಫಿ ಕಣದ ಸಿಮೆಂಟು ಮಧ್ಯಾಹ್ನ ಚೆನ್ನಾಗಿ ಕಾಯುತ್ತದೆ, ಕ್ಲಿಯರ್ ಒಣಗಲು ಅದೇ ಸಾಕು ಅಂದುಕೊಂಡೆ. ಗಾಳಿಗೆ ಕಾಫಿ ಸಿಪ್ಪೆಯ ಪುಡಿ ಎದ್ದು ಕ್ಲಿಯರ್ ತುಂಬ ಕೂತಿತು. ಭಾವ ಬಂದವರೇ, "ಏನೋ ಮಾರಾಯ, ಕಾಫಿಗೆ ಥಿನ್ನರ್ ವಾಸನೆ ಹಿಡಿದರೆ ನೀನು ಕೊಂಡ್ಕೋತೀಯಾ?" ಅಂತ ಬಂಪರ್ ಜೊತೆ ನನ್ನನ್ನೂ ಓಡಿಸಿದರು. ಅಕ್ಕ ಮಾತ್ರ ಊಟ ಮಾಡಿಸಿ ಕಳಿಸಿದಳು.

ನನಗೇ ನಂಬಿಕೆ ಬರಲಿ ಅಂತ ಗುಜರಿ ಬಂಪರ್ ಒಂದನ್ನು ಮೂರು ತುಂಡು ಮಾಡಿದೆ. ಒಂದಕ್ಕೆ ಬರೀ ಪಿಪಿ ಪ್ರೈಮರ್, ಒಂದಕ್ಕೆ ಬರೀ ಬೆಂಕಿ, ಒಂದಕ್ಕೆ ಎರಡೂ. ಬಣ್ಣ ಹೊಡೆದು ವಾರ ಬಿಟ್ಟು ಡ್ರಮ್ಮಿನ ನೀರಿನಲ್ಲಿ ಹತ್ತು ದಿನ ಮುಳುಗಿಸಿಟ್ಟೆ. ಬ್ಲೇಡಿನಲ್ಲಿ ಚೌಕ ಚೌಕ ಗೀರಿ ಟೇಪ್ ಅಂಟಿಸಿ ಎಳೆದರೆ ಮೊದಲನೆಯದರಲ್ಲಿ ಅರ್ಧದಷ್ಟು ಚೌಕ ಟೇಪಿಗೇ ಬಂತು. ಬೆಂಕಿಯದರಲ್ಲಿ ಒಂದೋ ಎರಡೋ. ಎರಡೂ ಮಾಡಿದ್ದರಲ್ಲಿ ಒಂದೂ ಇಲ್ಲ.

ಫಿಶ್ ಐ, ಅಂದರೆ ಬಣ್ಣ ಸರಿದು ಬೀಳುವ ಸಣ್ಣ ಗುಂಡು ಕುಳಿ, ಇನ್ನೂ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ. ಅದಕ್ಕೆ ಬೆಂಕಿ ಮದ್ದಲ್ಲ. ಟೈರ್ ಪಾಲಿಶ್‌ನ ಸಿಲಿಕೋನ್, ಕಂಪ್ರೆಸರ್‌ನ ಎಣ್ಣೆ, ಇವೇ ಕಾರಣ. ಶೆಡ್ಡಿನೊಳಗೆ ಟೈರ್ ಪಾಲಿಶ್ ಬಂದ್ ಮಾಡಿದ್ದೇನೆ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನಲ್ಲಿ ನಿಂತ ನೀರನ್ನು ದಿನಕ್ಕೆರಡು ಸಲ ಹೊರಗೆ ಬಿಡುತ್ತೇವೆ.

ಕಳೆದೆರಡು ಮಳೆಗಾಲದಲ್ಲಿ ಎಪ್ಪತ್ತು ಎಂಬತ್ತು ಬಂಪರ್ ಹೋಗಿರಬಹುದು. ವಾಪಸ್ ಬಂದದ್ದು ಒಂದೇ, ಅದೂ ಅವಸರಕ್ಕೆ ನೀರು ಚಿಮುಕಿಸದೆ ಹೊಡೆದದ್ದು. ಮೇಸ್ತ್ರಿ ಈಗ ತಮ್ಮ ಕಪ್ಪು ಬಂಪರ್‌ಗಳನ್ನು ಹುಡುಗನ ಕೈಲಿ ಕಳಿಸುತ್ತಾರೆ, ತಾವು ಬರುವುದಿಲ್ಲ. ಬರೀ ಬೆಂಕಿ ತೋರಿಸುವುದಕ್ಕೆ ಮುನ್ನೂರು ತೆಗೆದುಕೊಳ್ಳುತ್ತೇನೆ, ಅವರಿಗೆ ಇನ್ನೂರೈವತ್ತು.